ವಿಭೂತಿಯ ಮೇಲಿನ ಹಲ್ಲಿನ ಗುರುತು

ದೇವರ ಗೂಡಿನಲ್ಲಿದ್ದ ವಿಭೂತಿ ಗಟ್ಟಿಯ ಒಂದು ಮೂಲೆಯಲ್ಲಿ ಹಲ್ಲಿನ ಗುರುತು ಕಂಡಾಗ ನಾನು ಮಾಡಿದ ಮೊದಲ ಕೆಲಸ ಇಲಿಬೋನು ತಂದದ್ದು. ಎರಡು ದಿನ ಬೋನಿಗೆ ರೊಟ್ಟಿಯ ಚೂರು ಸಿಕ್ಕಿಸಿಟ್ಟೆ. ಇಲಿ ಬೀಳಲಿಲ್ಲ, ಗಟ್ಟಿ ಮಾತ್ರ ಸವೆಯುತ್ತಲೇ ಹೋಯಿತು. ಮೂರನೆಯ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟಿದವಳು ಮೊಬೈಲ್ ಮರೆತೆನೆಂದು ತಿರುಗಿ ಒಳಗೆ ಬಂದೆ. ಎಪ್ಪತ್ತಾರು ವರ್ಷದ ನನ್ನ ಅತ್ತೆ ದೇವರ ಗೂಡಿನ ಮುಂದೆ ಕೂತು, ಮಕ್ಕಳು ಪೇರಲಹಣ್ಣು ಕಚ್ಚುವ ಹಾಗೆ ವಿಭೂತಿ ಗಟ್ಟಿಯನ್ನು ಕಚ್ಚುತ್ತಿದ್ದರು.

“ಅತ್ತೀ, ಏನ್ ಮಾಡ್ಲತ್ತೀರಿ?”

“ಪ್ರಸಾದವ್ವಾ,” ಎಂದರು, ತುಟಿಯ ಮೇಲಿನ ಬಿಳಿಯನ್ನೂ ಒರೆಸಿಕೊಳ್ಳದೆ. “ಬಾಯಿ ಬೇಡ್ತದ. ಶಿವಾನೇ ಬೇಡಿಸ್ತಾನ.”

ಶಿವನೇ ಬೇಡಿಸುವಾಗ ನಡುವೆ ಬಾಯಿ ಹಾಕಲು ಸೊಸೆ ಯಾರು? ಬೋನನ್ನು ಅಟ್ಟಕ್ಕೆ ಹಾಕಿ ಬಸ್ಸು ಹಿಡಿಯಲು ಓಡಿದೆ.

ನಮ್ಮದು ಬೀದರ್ ಜಿಲ್ಲೆ. ಗಂಡನಿಗೆ ವಾಳೂಜಿನ ಕಾರ್ಖಾನೆಗಳ ಪ್ರದೇಶದಲ್ಲಿ ಕೆಲಸ ಸಿಕ್ಕಿ ಮರಾಠಿ ಸೀಮೆಯ ಸಂಭಾಜಿನಗರಕ್ಕೆ ಬಂದವರು ಇಲ್ಲೇ ಉಳಿದೆವು. ನನಗೂ ಅಲ್ಲೇ ಒಂದು ಕಾರ್ಖಾನೆಯಲ್ಲಿ ಕೆಲಸ: ಆಯಿಲ್ ಸೀಲುಗಳ ತಪಾಸಣೆ. ತಿರುಗುವ ದಂಡದ ಸುತ್ತ ಕೂರುವ ರಬ್ಬರಿನ ಬಳೆ ಅದು, ಒಳಗಿನ ಎಣ್ಣೆ ಹೊರಗೆ ಬಾರದ ಹಾಗೆ ತಡೆಯುತ್ತದೆ. ಸೋರಿದ್ದು ವಾಪಸು ಬರುತ್ತದೆ, ವಾಪಸು ಬಂದದ್ದು ನನ್ನ ಮೇಜಿಗೆ ಬರುತ್ತದೆ. ಎಲ್ಲಿ ಸೋರಿತು, ಯಾಕೆ ಸೋರಿತು ಎಂದು ಭೂತಗನ್ನಡಿಯಲ್ಲಿ ನೋಡಿ ಬರೆಯಬೇಕು. ಹದಿನೆಂಟು ವರ್ಷದಿಂದ ಜಗತ್ತಿನ ಎಣ್ಣೆ ಎಲ್ಲಿ ಸೋರುತ್ತದೆ ಎಂದು ಹೇಳುತ್ತ ಬಂದವಳ ಮನೆಯಲ್ಲೇ ಎರಡು ವರ್ಷದಿಂದ ಒಬ್ಬರ ರಕ್ತ ಸೋರುತ್ತಿತ್ತು. ದೀಪದ ಬುಡ ಕತ್ತಲೆ ಎಂದು ಸುಮ್ಮನೆ ಹೇಳಿಲ್ಲ.

ರಕ್ತ ಕಡಿಮೆ ಇದೆ ಎಂಬುದು ಗೊತ್ತಿರಲಿಲ್ಲವೆಂದಲ್ಲ. ಅತ್ತೆ ಆರು ತಿಂಗಳು ನಮ್ಮಲ್ಲಿ, ಆರು ತಿಂಗಳು ನಾಶಿಕದ ಮಗಳ ಮನೆಯಲ್ಲಿ. ಇಲ್ಲಿಯ ಡಾಕ್ಟರು ಕಬ್ಬಿಣದ ಮಾತ್ರೆ ಬರೆದರು, ಅಲ್ಲಿಯವರೂ ಬರೆದರು. ಒಮ್ಮೆ ಇಲ್ಲಿ ಎರಡು ಬಾಟಲಿ ರಕ್ತ ಕೊಟ್ಟರು. ಸ್ವಲ್ಪ ಏರುವುದು, ಅಷ್ಟರಲ್ಲಿ ಊರು ಬದಲಾಗುವುದು, ಮತ್ತೆ ಇಳಿಯುವುದು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಇಳಿದಾಗಲೆಲ್ಲ ತಪ್ಪು ಆಚೆ ಮನೆಯದು. ಇಲ್ಲೇ ಪಕ್ಕದ ದಿಂಡೋರಿಯ ಕಪ್ಪು ಒಣದ್ರಾಕ್ಷಿ ನೆನೆಸಿ ಕೊಡುತ್ತೇನೆ, ನಿಮ್ಮಲ್ಲಿ ಏನು ಕೊಡುತ್ತೀರಿ ಎಂದು ನಾದಿನಿ ಫೋನಿನಲ್ಲಿ ಕೇಳುವಳು. ನುಗ್ಗೆ ಸೊಪ್ಪು, ಬೀಟ್‌ರೂಟು, ದಾಳಿಂಬೆ ಎಂದು ನಾನು ಪಟ್ಟಿ ಒಪ್ಪಿಸುವೆ. ನಿಜ ಹೇಳಬೇಕೆಂದರೆ ಅತ್ತೆ ಇದಾವುದನ್ನೂ ತಿನ್ನುತ್ತಿರಲಿಲ್ಲ. ಅರ್ಧ ರೊಟ್ಟಿಗೆ ಕೈ ತೊಳೆಯುತ್ತಿದ್ದರು. ನನ್ನ ರೊಟ್ಟಿ ಸೇರುತ್ತಿಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನನ್ನ ಕಾಲ ಬರುವ ಹೊತ್ತಿಗೆ ಅವರು ಉಣ್ಣುವುದನ್ನೇ ಬಿಟ್ಟರಲ್ಲ ಎಂಬ ಸಿಟ್ಟು.

ಆದರೆ ಊರಿಂದ ಬಂದುಹೋಗುವವರು ಹೇಳಿದ್ದೇ ಬೇರೆ. ಅರ್ಧ ರೊಟ್ಟಿಯನ್ನು ಮಿತಾಹಾರ ಎಂದರು. ಉಂಡ ಮೇಲೆ ಅತ್ತೆ ಮಲಗುತ್ತಿರಲಿಲ್ಲ, ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ಕೂತು ಕಣ್ಣು ಮುಚ್ಚುತ್ತಿದ್ದರು. ಅದು ಧ್ಯಾನವಾಯಿತು. ಮುಖ ಬಿಳಿಚಿಕೊಂಡಿತು, ಅದಕ್ಕೆ ಕಳೆ ಬಂದಿದೆ ಎಂದರು. ವಿಭೂತಿಯ ವಿಷಯ ತಿಳಿದ ಮೇಲಂತೂ ಬೀದರಿನಿಂದ, ಕಲಬುರಗಿಯಿಂದ ಯಾರು ಬಂದರೂ ಚೀಲದಲ್ಲಿ ಒಂದು ಗಟ್ಟಿ. ಹಣೆಗೆ ಹಚ್ಚುವವರಿಗೆ ವರ್ಷ ಬರುವ ಗಟ್ಟಿ ನಮ್ಮಲ್ಲಿ ಹದಿನೈದು ದಿನಕ್ಕೆ ಮುಗಿಯುತ್ತಿತ್ತು. “ನಮ್ಮವ್ವನ ಭಕ್ತಿ ನೋಡ್ರಿ,” ಎಂದು ನನ್ನ ಗಂಡ ಬಂದವರಿಗೆ ಹೇಳಿಕೊಳ್ಳುತ್ತಿದ್ದರು. ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಕಣ್ಣಿನ ನೇರಕ್ಕೆ ಹಿಡಿದು ಅದನ್ನೇ ನೋಡುತ್ತ ಕೂರುವುದು ನಮ್ಮಲ್ಲಿಯ ಪೂಜೆ. ಅತ್ತೆಯ ಎಡಗೈ ನಡುಗುತ್ತಿತ್ತು. ಮೊಣಕೈ ಕೆಳಗೆ ಒಂದು ದಿಂಬು ಇಟ್ಟುಕೊಳ್ಳತೊಡಗಿದ್ದರು. ಆ ದಿಂಬಿಗೆ ನಾನೇ ಹೊಸ ಕವರ್ ಹೊಲಿದುಕೊಟ್ಟೆ, ನನ್ನ ಪಾಲಿನ ಪುಣ್ಯ ಅಷ್ಟೇ.

ಶ್ರಾವಣದ ಒಂದು ಸೋಮವಾರ ವೇರೂಳಿನ ಜ್ಯೋತಿರ್ಲಿಂಗಕ್ಕೆ ಕರೆದೊಯ್ದೆವು. ಗುಡಿಯ ಸಾಲು ಅರ್ಧ ಮುಗಿಯುವಷ್ಟರಲ್ಲಿ ಅತ್ತೆ ಉಸಿರು ಸಾಲದೆ ಕಟ್ಟೆಯ ಮೇಲೆ ಕೂತುಬಿಟ್ಟರು. ಬಿಳಿ ಸೀರೆ, ಅದಕ್ಕಿಂತ ಬೆಳ್ಳಗಿನ ಮುಖ, ಹಣೆತುಂಬ ವಿಭೂತಿ, ಅರ್ಧ ಮುಚ್ಚಿದ ಕಣ್ಣು. ಯಾವುದೋ ಊರಿನ ಹೆಂಗಸೊಬ್ಬಳು ಬಂದು ಅವರ ಕಾಲಿಗೆ ಬಿದ್ದಳು. ಅವಳ ಹಿಂದಿದ್ದವಳೂ ಬಿದ್ದಳು. ಒಬ್ಬಳಂತೂ ಮಗುವನ್ನು ತಂದು ಅವರ ಪಾದದ ಮೇಲೆ ಮಲಗಿಸಿದಳು. ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಗಂಡ ನಗಲಿಲ್ಲ, ಅವರ ಕಣ್ಣಲ್ಲಿ ನೀರಿತ್ತು. ವಾಪಸು ಬರುವಾಗ ಕಾರಿನಲ್ಲಿ, “ಇನ್ನೊಮ್ಮೆ ದೊಡ್ಡ ಡಾಕ್ಟರಿಗೆ ತೋರಸ್ರಿ,” ಎಂದೆ. “ಎಲ್ಲಾ ತೋರ್ಸೇವಲ್ಲ. ದುರ್ಬೀನಿನ ಕೊಳವಿ ಹಾಕಿ ಮ್ಯಾಲಿಂದೂ ನೋಡ್ಯಾರ, ಕೆಳಗಿಂದೂ ನೋಡ್ಯಾರ, ಏನಿಲ್ಲ ಅಂದಾರ. ವಯಸ್ಸಾಗ್ಯದ. ಆಕಿ ಶಿವನ ಕಡಿ ಹೊಂಟಾಳ, ನಾವ್ ಕಾಲ್ ಹಿಡದು ಎಳೀಬಾರದು,” ಎಂದರು. ಮಗನೇ ಹಾಗೆಂದ ಮೇಲೆ ನಾನು ಕಿಟಕಿಯ ಕಡೆ ತಿರುಗಿದೆ. ಆದರೆ ಹಿಂದಿನ ಸೀಟಿನಲ್ಲಿ ಅತ್ತೆ ಉಸಿರೆಳೆಯುವ ಸದ್ದು ಮನೆ ಮುಟ್ಟುವವರೆಗೂ ಕೇಳುತ್ತಿತ್ತು, ಶಿವನ ಕಡೆ ಹೋಗುವ ದಾರಿ ಇಷ್ಟು ಕಷ್ಟದ್ದಿರಬೇಕೆ ಎನಿಸಿತು.

ದೀಪಾವಳಿ ಕಳೆದು ಅವರು ನಾಶಿಕಕ್ಕೆ ಹೋದರು. ಹೋದ ಹನ್ನೊಂದನೆಯ ದಿನ ನಾದಿನಿಯ ಫೋನು. ಬಚ್ಚಲಿನಿಂದ ಬರುತ್ತ ಕುಸಿದಿದ್ದಾರೆ, ಹಿಮೋಗ್ಲೋಬಿನ್ ಆರಕ್ಕೆ ಇಳಿದಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ. “ವೈನಿ, ಅಲ್ಲಿದು ಫೈಲ್ ತರ್ಬೇಕಂತ. ಹಳೇವು ಎಲ್ಲಾ.” ಗಂಡನಿಗೆ ರಜೆ ಸಿಗಲಿಲ್ಲ. ನಾನು ಕಪಾಟಿನಲ್ಲಿದ್ದ ಕಾಗದವನ್ನೆಲ್ಲ ಕೈಚೀಲಕ್ಕೆ ತುಂಬಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ಈ ಸಲ ಕಾರಣ ಸಿಗದಿದ್ದರೆ ಅವರು ಉಳಿಯುವುದಿಲ್ಲ, ಆಮೇಲೆ ಎಲ್ಲರೂ ಅದನ್ನು ಪುಣ್ಯದ ಸಾವು ಎನ್ನುತ್ತಾರೆ.

ಆಸ್ಪತ್ರೆಯ ಡಾಕ್ಟರು ನಲವತ್ತೈದರ ಹೆಂಗಸು, ಗಿಡ್ಡ ಕೂದಲು, ಮರಾಠಿಯಲ್ಲಿ ಅವಸರವಿಲ್ಲದೆ ಮಾತಾಡುವವರು. ಏನು ಊಟ ಮಾಡುತ್ತಾರೆ ಎಂದು ಎಲ್ಲ ಡಾಕ್ಟರೂ ಕೇಳಿದ್ದರು. ಇವರು ಕೇಳಿದ್ದು ಬೇರೆ.

“ಊಟ ಬಿಟ್ಟು ಆಜಿ ಬೇರೇನಾದರೂ ತಿನ್ನುತ್ತಾರಾ? ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ, ಹೀಗೆ?”

“ಛೆ ಛೆ, ನಮ್ಮ ತಾಯಿ ಅಂಥವರಲ್ಲ,” ಎಂದಳು ನಾದಿನಿ.

“ವಿಭೂತಿ ತಿನ್ನುತ್ತಾರೆ,” ಎಂದೆ ನಾನು. ನಾದಿನಿ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದಳು.

“ಚಿಟಿಕೆಯಷ್ಟಾ?”

“ಹದಿನೈದು ದಿನಕ್ಕೆ ಒಂದು ಗಟ್ಟಿ.” ಕೈಯಲ್ಲಿ ಅಳತೆ ತೋರಿಸಿದೆ, ಒಂದು ಸೋಪಿನಷ್ಟು. ಇವರೂ ನಗುತ್ತಾರೆ ಎಂದುಕೊಂಡಿದ್ದೆ. ಅವರು ಪೆನ್ನು ಕೆಳಗಿಟ್ಟರು.

ಮೈಯಲ್ಲಿ ಕಬ್ಬಿಣ ತೀರ ಕಡಿಮೆಯಾದಾಗ ಕೆಲವರ ಬಾಯಿ ಹೀಗೆ ಬೇಡುತ್ತದಂತೆ. ಮಣ್ಣನ್ನೋ ಸುಣ್ಣವನ್ನೋ ಬೂದಿಯನ್ನೋ, ಅವರವರ ಮನೆಯಲ್ಲಿ ಏನಿದೆಯೋ ಅದನ್ನು. ಹುಚ್ಚಲ್ಲ, ಚಪಲವಲ್ಲ. ಇಷ್ಟು ಬೂದಿ ಹೊಟ್ಟೆಗೆ ಹೋದರೆ ನುಂಗಿದ ಮಾತ್ರೆಯೂ ಮೈಗೆ ಹತ್ತುವುದು ಕಷ್ಟ. “ಆದರೆ ವಿಭೂತಿ ಮೂಲ ಅಲ್ಲ,” ಎಂದರು ಡಾಕ್ಟರು. “ಅದಕ್ಕೂ ಮೊದಲು ಕಬ್ಬಿಣ ಎಲ್ಲೋ ಹೋಗುತ್ತಿದೆ. ಈ ವಯಸ್ಸಿನಲ್ಲಿ ಹೀಗೆ ಹೋಗುವುದೆಂದರೆ ಎಲ್ಲೋ ರಕ್ತ ಸೋರುತ್ತಿದೆ ಎಂದೇ ಮೊದಲು ನೋಡಬೇಕು.”

ಅಕ್ಷರ ಬಾರದ ಆ ಮೈ ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಎರಡು ವರ್ಷದಿಂದ ಹೇಳುತ್ತಲೇ ಇತ್ತು. ಕಬ್ಬಿಣ ಬೇಕಾಗಿತ್ತು, ಕೇಳಲು ಬಂದದ್ದು ಬೂದಿಯನ್ನು. ನಾವು ಅದನ್ನು ಕೇಳಿಸಿಕೊಳ್ಳುವ ಬದಲು ಕೈಮುಗಿದೆವು, ಚೀಲದಲ್ಲಿ ಇನ್ನಷ್ಟು ತಂದುಕೊಟ್ಟೆವು.

ಡಾಕ್ಟರು ಎರಡೂ ಊರಿನ ಕಾಗದಗಳನ್ನು ಮೇಜಿನ ಮೇಲೆ ಹರಡಿದರು. ನಾಶಿಕದ ಫೈಲಿನಲ್ಲಿ ಒಂದು ಎದೆಯ ಎಕ್ಸ್‌ರೇ ಇತ್ತು, ಹಿಂದಿನ ಚಳಿಗಾಲದಲ್ಲಿ ಕೆಮ್ಮಿಗೆಂದು ತೆಗೆಸಿದ್ದು. ಕೆಮ್ಮು ಹೋಗಿತ್ತು, ಎಕ್ಸ್‌ರೇ ಹಾಸಿಗೆಯ ಕೆಳಗೆ ಸೇರಿತ್ತು. ಅದನ್ನು ಬೆಳಕಿಗೆ ಹಿಡಿದು ಹೃದಯದ ನೆರಳಿನ ಹಿಂದೆ ಒಂದು ಗುಳ್ಳೆಯಂಥದನ್ನು ಬೆರಳಿನಿಂದ ಸುತ್ತು ಹಾಕಿ ತೋರಿಸಿದರು. “ಇದು ಗಾಳಿ. ಇಲ್ಲಿ ಇರಬೇಕಾದ್ದಲ್ಲ.” ಆಮೇಲೆ ಸಂಭಾಜಿನಗರದ ದುರ್ಬೀನಿನ ವರದಿ ತೆಗೆದರು. ಮೊದಲನೆಯ ಸಾಲು ನನಗೆ ಬಾಯಿಪಾಠ: ಹುಣ್ಣಿಲ್ಲ, ಗಡ್ಡೆಯಿಲ್ಲ. ಅಷ್ಟು ಓದಿ ಅವತ್ತು ಪೇಢೆ ಹಂಚಿದ್ದೆವು. ಕೊನೆಯ ಸಾಲನ್ನು ನಾವ್ಯಾರೂ ಓದಿರಲಿಲ್ಲ. ಜಠರದ ಮೇಲ್ಭಾಗ ಎದೆಯ ಕಡೆಗೆ ಸರಿದಿದೆ ಎಂದು ಅಲ್ಲಿ ಬರೆದಿತ್ತು.

“ಅರ್ಧ ಅಲ್ಲಿತ್ತು, ಅರ್ಧ ಇಲ್ಲಿತ್ತು,” ಎಂದರು ಡಾಕ್ಟರು, ಯಾರನ್ನೂ ಬಯ್ಯದೆ. ಅವರು ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತು. ಎರಡು ಮನೆಯವರು ಎರಡು ವರ್ಷ ಒಬ್ಬರನ್ನೊಬ್ಬರು ದೂರಿದೆವೇ ಹೊರತು ಒಂದು ದಿನವೂ ಆ ಎರಡು ಫೈಲುಗಳನ್ನು ಒಂದು ಕಡೆ ಇಟ್ಟು ನೋಡಿರಲಿಲ್ಲ.

ರಕ್ತ ಕೊಟ್ಟು ಎರಡು ದಿನದ ಮೇಲೆ ಮತ್ತೆ ದುರ್ಬೀನು ಹಾಕಿದರು. ಅತ್ತೆಗೆ ಮರಾಠಿ ಅಷ್ಟಕ್ಕಷ್ಟೆ, ನಾದಿನಿಗೆ ಸೂಜಿ ಕಂಡರೆ ತಲೆ ತಿರುಗುತ್ತದೆ. ಹಾಗಾಗಿ ಹೇಳಿದ್ದನ್ನು ಕನ್ನಡದಲ್ಲಿ ಹೇಳಲು ನನ್ನನ್ನು ಒಳಗೆ ನಿಲ್ಲಿಸಿಕೊಂಡರು. ಕೊರಳಿನ ಲಿಂಗವನ್ನು ತೆಗೆದಿಡಿ ಎಂದಳು ನರ್ಸು. ಗಂಟಲಿಗೆ ಮರಗಟ್ಟಿಸುವ ಮದ್ದು ಹೊಡೆದಿದ್ದರಿಂದ ಅತ್ತೆಗೆ ಮಾತಾಡಲು ಬರುತ್ತಿರಲಿಲ್ಲ, ಎರಡೂ ಕೈಯಿಂದ ಲಿಂಗದ ಕರಡಿಗೆಯನ್ನು ಬಿಗಿ ಹಿಡಿದರು. ಇರಲಿ ಬಿಡಿ ಎಂದರು ಡಾಕ್ಟರು. ಎಡ ಮಗ್ಗುಲಿಗೆ ಮಲಗಿಸಿದಾಗ ಅದು ಹಾಸಿಗೆಗೆ ಜಾರದಂತೆ ನಾನು ಒಂದು ಅಂಗೈಯಲ್ಲಿ ಅದನ್ನು ಹಿಡಿದು, ಇನ್ನೊಂದರಲ್ಲಿ ಅವರ ಕೈ ಹಿಡಿದು ನಿಂತೆ. ಬೆಳ್ಳಿಯ ಕರಡಿಗೆ ಅವರ ಮೈಯ ಬಿಸಿಗೆ ಬೆಚ್ಚಗಿತ್ತು.

ಪರದೆಯ ಮೇಲೆ ಒದ್ದೆಯಾದ ಗುಲಾಬಿ ಬಣ್ಣದ ಗೋಡೆಗಳು. ನಾನು ಇಪ್ಪತ್ತಾರು ವರ್ಷ ಜಗಳವಾಡಿದ ಹೆಂಗಸಿನ ಒಳಗು ಇದು, ಇಷ್ಟು ಮೃದುವಾಗಿದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಕೊಳವೆ ಕೆಳಗಿಳಿಯಿತು, ಆಮೇಲೆ ತಾನು ಬಂದ ದಾರಿಯನ್ನೇ ತಿರುಗಿ ನೋಡಿತು. ಅಲ್ಲಿ ಒಂದು ಬಳೆ. ಎದೆಗೂ ಹೊಟ್ಟೆಗೂ ನಡುವೆ ಉಸಿರಿಗೆ ತಕ್ಕಂತೆ ಏರಿಳಿಯುವ ಸ್ನಾಯುವಿನಲ್ಲಿ ಅನ್ನನಾಳ ಇಳಿಯಲು ಇರುವ ಕಂಡಿ ಅದು. ಅನ್ನನಾಳ ಮಾತ್ರ ಇರಬೇಕಾದ ಆ ಕಂಡಿಯೊಳಗಿಂದ ಜಠರದ ಮಡಿಕೆಗಳೇ ಮೇಲೇರಿ, ಹೃದಯದ ಬೆನ್ನಿಗೆ ಹೋಗಿ ಕೂತಿದ್ದವು.

“ಉಸಿರು ಎಳೆದುಕೊಳ್ಳಲು ಹೇಳಿ,” ಎಂದರು ಡಾಕ್ಟರು.

“ಅತ್ತೀ, ಉಸಿರ್ ಎಳಕೋರಿ.”

ಬಳೆ ಬಿಗಿಯಾಯಿತು. ಮಡಿಕೆಗಳು ಅದಕ್ಕೆ ಉಜ್ಜಿಕೊಂಡು ಸರಿದವು.

“ಬಿಡ್ರಿ.”

ಸಡಿಲಾಯಿತು. ಒಂದೊಂದು ಮಡಿಕೆಯ ನೆತ್ತಿಯ ಮೇಲೂ ಉಗುರಿನಿಂದ ಗೀರಿದಂತೆ ಸಣ್ಣ ಕೆಂಪು ಗೆರೆಗಳಿದ್ದವು. ಒಂದು ಗೆರೆಯ ತುದಿಯಲ್ಲಿ, ನಾವು ನೋಡುತ್ತಿದ್ದ ಹಾಗೆಯೇ, ಸಾಸಿವೆಯಷ್ಟು ರಕ್ತ ಮೂಡಿತು.

ಡಾಕ್ಟರು ವಿವರಿಸುವ ಮೊದಲೇ ನನಗೆ ತಿಳಿದುಹೋಯಿತು. ಇದು ನನ್ನ ಮೇಜಿನ ಮೇಲಿನ ವಿಷಯ. ದಂಡ ಬಳೆಯೊಳಗೆ ಹಾಯುವಲ್ಲಿ, ಉಜ್ಜುವಲ್ಲಿ, ಅಲ್ಲೇ ಸವೆಯುತ್ತದೆ, ಅಲ್ಲೇ ಸೋರುತ್ತದೆ. ಹದಿನೆಂಟು ವರ್ಷ ನಾನು ರಬ್ಬರಿನಲ್ಲಿ ಕಂಡದ್ದನ್ನು ಇಲ್ಲಿ ರಕ್ತಮಾಂಸದಲ್ಲಿ ಕಂಡೆ. ಉಜ್ಜುತ್ತಿದ್ದದ್ದು ಬೇರೇನೂ ಅಲ್ಲ, ಉಸಿರು. ಅವರನ್ನು ಬದುಕಿಸಿದ್ದ ಉಸಿರೇ ಹೋಗುತ್ತ ಬರುತ್ತ ಇಷ್ಟಿಷ್ಟೇ ರಕ್ತವನ್ನು ಸೋರಿಸುತ್ತಿತ್ತು. ಕಾರಿನ ಹಿಂದಿನ ಸೀಟಿನಲ್ಲಿ ಕೇಳಿದ ಉಸಿರು, ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಬಯ್ಯುವಾಗಿನ ಉಸಿರು, ಎಲ್ಲವೂ. ನಾನು ದೇವರು ದಿಂಡರೆಂದರೆ ಮುಖ ತಿರುಗಿಸುವವಳು. ಆ ಹೊತ್ತು ಕೈಯಲ್ಲಿ ಅವರ ಲಿಂಗ ಹಿಡಿದು, ಆ ಪರದೆಯ ಮುಂದೆ, ಗುಡಿಯಲ್ಲೂ ಎಂದೂ ನಿಲ್ಲದಷ್ಟು ಸುಮ್ಮನೆ ನಿಂತಿದ್ದೆ.

ಗಡ್ಡೆಯಲ್ಲ ಎಂದರು ಡಾಕ್ಟರು. ಬೆನ್ನು ಬಾಗಿದ ಹೆಂಗಸರಲ್ಲಿ ಇದು ಕಾಣುವುದುಂಟಂತೆ. ಮೊದಲ ಸಲ ನೋಡುವಾಗ ಈ ಗೆರೆಗಳು ಕಣ್ಣಿಗೆ ಬೀಳದೆ ಹೋಗುವುದೂ ಉಂಟು. ಹೊಟ್ಟೆಯ ಹುಳಿ ತಗ್ಗಿಸುವ ಮಾತ್ರೆ, ಸ್ವಲ್ಪ ಸ್ವಲ್ಪವೇ ಊಟ, ಮಂಚದ ತಲೆಭಾಗ ಎತ್ತರ. ಕಬ್ಬಿಣವನ್ನು ನೇರ ರಕ್ತನಾಳಕ್ಕೇ ಕೊಡುವುದು. ಮತ್ತೆ ಸೋರಿದರೆ ಆಗ ಆಪರೇಷನ್ನಿನ ಮಾತು. “ಉಂಡ ಮೇಲೆ ಆಜಿ ಮಲಗುತ್ತಾರಾ?” ಎಂದು ಕೇಳಿದರು. ಇಲ್ಲ, ಧ್ಯಾನಕ್ಕೆ ಕೂರುತ್ತಾರೆ ಎಂದೆ. ಡಾಕ್ಟರು ನಕ್ಕರು. “ನೆಟ್ಟಗೆ ಕೂತರೆ ಎದೆ ಹಗುರಾಗುತ್ತದೆ. ನಾವು ಹೇಳುವ ಮೊದಲೇ ಅವರ ಮೈ ಅದನ್ನು ಕಂಡುಕೊಂಡಿದೆ.” ನಾನು ನಗಲಿಲ್ಲ. ಮಿತಾಹಾರ, ಧ್ಯಾನ, ಕಳೆ, ವಿಭೂತಿ, ಒಂದೊಂದಾಗಿ ಎಲ್ಲವೂ ಸ್ಥಾನ ಬದಲಿಸುತ್ತಿದ್ದವು.

ಕಬ್ಬಿಣ ಚಹಾದ ಕಷಾಯದ ಬಣ್ಣದಲ್ಲಿ ಹನಿಹನಿಯಾಗಿ ಇಳಿಯಿತು. ಗಂಡನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. “ಅಂದ್ರ ನಮ್ಮವ್ವ ಸಾಯ್ಲತ್ತಿದ್ಳು, ನಾ ಮಂದಿಗಿ ಕರ್ದು ತೋರ್ಸಲತ್ತಿದ್ದೆ,” ಎಂದರು. ಆಮೇಲೆ ಅತ್ತರು. ನನಗೂ ಅಳು ಬಂತು.

ಮೂರು ವಾರದ ಮೇಲೆ ಅತ್ತೆಯನ್ನು ಸಂಭಾಜಿನಗರಕ್ಕೆ ಕರೆತಂದೆವು. ಉಗುರಿನ ಬಣ್ಣ ತಿರುಗಿತ್ತು. ಮೆಟ್ಟಿಲನ್ನು ಒಮ್ಮೆ ಮಾತ್ರ ನಿಂತು ಹತ್ತಿದರು. ಮರುದಿನ ಬೆಳಿಗ್ಗೆ ದೇವರ ಗೂಡಿನ ಮುಂದೆ ಕೂತವರು ಎಷ್ಟು ಹೊತ್ತಾದರೂ ಏಳಲಿಲ್ಲ. ಹೋಗಿ ನೋಡಿದರೆ ವಿಭೂತಿ ಗಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ಮೂಸುತ್ತಿದ್ದಾರೆ, ಕೆನ್ನೆ ಒದ್ದೆ.

“ನಾಲಿಗಿ ಒಲ್ಲಂತದವ್ವಾ,” ಎಂದರು. “ಎರಡ್ ವರ್ಷ ಶಿವ ನನ್ನ ಬಾಯಾಗೇ ಇದ್ದ. ಸೂಜಿ ಚುಚ್ಚಿದ್ರು, ಎದ್ದು ಹೋದ. ಅದೆಲ್ಲಾ ಬ್ಯಾನೀನೇ ಇತ್ತೇನು? ಭಕ್ತಿ ಅನ್ನೋದೇ ಇದ್ದಿದ್ದಿಲ್ಲೇನು?”

ಎಲ್ಲದಕ್ಕೂ ತುದಿನಾಲಗೆಯಲ್ಲಿ ಉತ್ತರ ಇಟ್ಟುಕೊಂಡಿರುವ ನಾನು ಅವರ ಪಕ್ಕ ಕೂತೆ. “ನನಗ ಗೊತ್ತಿಲ್ರಿ ಅತ್ತಿ,” ಎಂದೆ. ಅವರ ಮುಂದೆ ಆ ಮಾತು ಆಡಿದ್ದು ಅದೇ ಮೊದಲು.

ಆ ವಾರವೆಲ್ಲ ಹೀಗೇ. ಪೂಜೆಗೆ ಕೂರುವರು, ಬೇಗ ಎದ್ದುಬಿಡುವರು. ರೊಟ್ಟಿ ಒಂದು ಪೂರ್ತಿ ತಿನ್ನುತ್ತಿದ್ದರು, ಆದರೆ ಏನೋ ಕಳೆದುಕೊಂಡವರ ಹಾಗೆ. ಅವರ ರಕ್ತ ಉಳಿಸಿ, ಅವರು ಬದುಕಿಡೀ ನೆಚ್ಚಿದ್ದನ್ನು ಕಿತ್ತುಕೊಂಡೆನೇ ಎಂಬ ಹೆದರಿಕೆ ನನ್ನನ್ನು ಕಾರ್ಖಾನೆಯಲ್ಲೂ ಬಿಡಲಿಲ್ಲ. ಕೈಯಲ್ಲಿ ಭೂತಗನ್ನಡಿ, ಕಣ್ಣ ಮುಂದೆ ಆ ಒದ್ದೆ ಕೆನ್ನೆ. ಮೇಲ್ವಿಚಾರಕರು ಎರಡು ಸಲ ನನ್ನ ವರದಿ ತಿದ್ದಿಸಿದರು.

ಸೋಮವಾರ ರಜೆಯಿತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ. ಅಡುಗೆಮನೆಯ ಬಾಗಿಲಿನಿಂದ ದೇವರ ಗೂಡು ಕಾಣುತ್ತದೆ. ಅತ್ತೆ ಹಣೆಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದುಕೊಂಡರು. ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಎತ್ತಿದರು. ಸ್ವಲ್ಪ ಹೊತ್ತು ಕಳೆದ ಮೇಲೆ ಏನೋ ಬೇರೆಯಾಗಿದೆ ಎನಿಸಿ ಕೈ ನಿಲ್ಲಿಸಿದೆ. ದಿಂಬು ಮೂಲೆಯಲ್ಲಿ ಮಡಚಿದ ಚಾಪೆಯ ಮೇಲಿತ್ತು. ಮೊಣಕೈ ಕೆಳಗೆ ಏನೂ ಇರಲಿಲ್ಲ. ಆ ಬಡಕಲು ತೋಳು ಕಣ್ಣಿನ ನೇರಕ್ಕೆ ನಿಂತಿತ್ತು, ಅಲುಗದೆ. ಎಷ್ಟು ಹೊತ್ತು ನಿಂತಿತ್ತೋ, ಕೊನೆಗೆ ಅವರ ತುಟಿ ಮೆಲ್ಲಗೆ ಬಿರಿಯಿತು.

ನಾನು ಅಲ್ಲಿಗೆ ಹೋದೆ. ನನ್ನ ನೆರಳು ಕಂಡು, ಕಣ್ಣು ಲಿಂಗದಿಂದ ಕದಲಿಸದೆ ಹೇಳಿದರು.

“ಎರಡ್ ವರ್ಷ ಕೈಯಾಗ ಇದು ಕುಣೀಲತ್ತಿತ್ತು. ಮಾರಿ ಕಾಣ್ತಿದ್ದಿಲ್ಲ. ಕಾಣಲಾರ್ದಕ್ಕೇ ಬಾಯಾಗ ಹುಡುಕ್ದೆ ಅನಸ್ತದ. ಇವತ್ತ ನಿಂತದ ನೋಡು. ಕಾಣ್ಲತ್ಯದ.”

ವೇರೂಳಿನಲ್ಲಿ ಅವರ ಕಾಲಿಗೆ ಬಿದ್ದವರನ್ನು ನೋಡಿ ನಾನು ನಕ್ಕಿದ್ದೆ. ಈಗ ಮಂಡಿಯೂರಿ ಹಿಟ್ಟಿನ ಕೈಯಲ್ಲೇ ಆ ಕಾಲು ಮುಟ್ಟಿದೆ. ಪಾದದ ಮೇಲೆ ಜೋಳದ ಹಿಟ್ಟಿನ ಬಿಳಿ ಬೆರಳುಗಳು ಮೂಡಿದವು. ಅತ್ತೆ ಒಂದು ಸಲ ಕೆಳಗೆ ನೋಡಿದರು, ಆಮೇಲೆ ಅಡುಗೆಮನೆಯ ಕಡೆಗೆ ಮೂಗು ತಿರುಗಿಸಿದರು.

“ಏಳು, ರೊಟ್ಟಿ ಹೊತ್ಲತ್ತದ. ಇವತ್ತ ನನಗ ಎರಡು ಬೇಕು.”